ಕಲ್ಲು ಒಡೆಯೋ ರೂಮು

ರಾತ್ರಿ ಎರಡೂವರೆಗೆ ಬಾಗಿಲು ಬಡಿದವನು ಮೇಲಿನ ಮನೆಯ ಹುಡುಗ. ರಾಯಚೂರಿನ ಕಡೆಯವನು, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಬೆಂಗಳೂರು ಇಟ್ಟಮಡುವಿನ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಒಂದೇ ರೂಮಿನಲ್ಲಿ ನಾಲ್ವರಿದ್ದಾರೆ, ಅವರಲ್ಲಿ ಇವನೇ ಚಿಕ್ಕವನು. ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದ. ಕೂತವನು ಎದ್ದ, ಎದ್ದವನು ಗೋಡೆಗೆ ಒರಗಿದ, ಮತ್ತೆ ಕೂತ. ಎಡಪಕ್ಕೆಗೆ ಕೈ ಒತ್ತಿಕೊಂಡಿದ್ದ. ಅಪೆಂಡಿಕ್ಸ್ ಆದವರು ಅಲುಗಾಡದೆ ಮಲಗಿರುತ್ತಾರೆ; ಕಲ್ಲಿನ ನೋವಿನವರಿಗೆ ನಿಂತರೂ ಆಗದು, ಕೂತರೂ ಆಗದು. ಆರು ವರ್ಷ ಅದನ್ನೇ ನೋಡಿದವನಿಗೆ ಬೇರೇನೂ ಕೇಳಬೇಕು ಅನಿಸಲಿಲ್ಲ. "ತೊಡೆ ಸಂದಿಗೂ ಎಳೀತಿದೆಯೇನೋ?" ಅಂದೆ. ತಲೆಯಾಡಿಸಿ, ನನ್ನ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ವಾಂತಿ ಮಾಡಿದ.

ಆಟೊ ಹಿಡಿದು ರಿಂಗ್ ರೋಡ್ ಬದಿಯ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಹುಡುಗ ಮಗುವಿನ ಹಾಗೆ ನಿದ್ದೆಹೋದ. ಬೆಳಿಗ್ಗೆ ಸಿ.ಟಿ. ಮಾಡಿದರು. ಎಡ ಮೂತ್ರನಾಳದ ಮೇಲ್ಭಾಗದಲ್ಲಿ 8 ಮಿಲಿಮೀಟರಿನ ಕಲ್ಲು. ಮಾತ್ರೆ, ನೀರು ಅಂತ ಎರಡು ವಾರ ಕಾದರೂ ಅದು ಕೂತಲ್ಲಿಂದ ಕದಲಲಿಲ್ಲ. ಆಗ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ತೂರಿಸಿ ಲೇಸರಿನಿಂದ ಕಲ್ಲನ್ನು ಪುಡಿ ಮಾಡುವುದು. ಒಂದೇ ಸಲಕ್ಕೆ ಮುಗಿಯುವ ಸಂಭವ ಹೆಚ್ಚು, ಆದರೆ ಅರಿವಳಿಕೆ ಬೇಕು, ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟರೆ ಅದನ್ನು ತೆಗೆಸಿಕೊಳ್ಳಲು ಮತ್ತೆ ಬರಬೇಕು. ಇನ್ನೊಂದು, ಹೊರಗಿನಿಂದಲೇ ಶಾಕ್‌ವೇವ್. ಸಂಜೆಗೆ ಮನೆಗೆ ಹೋಗಬಹುದು. ಎರಡನೇ ಸಲ ಬೇಕಾಗಲೂಬಹುದು. ಹುಡುಗ ಮನಸ್ಸಿನಲ್ಲೇ ರಜೆಯ ಲೆಕ್ಕ ಹಾಕಿದ. ಬೈಕ್ ಹತ್ತದ ದಿನ ಅವನಿಗೆ ದುಡ್ಡಿಲ್ಲ. ಎರಡನೆಯದಕ್ಕೆ ಒಪ್ಪಿ ಹೊರಗೆ ಬಂದವನು ಲಿಫ್ಟಿನ ಹತ್ತಿರ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಅಂಕಲ್, ಶಾಕ್ ಅಂದ್ರ ಕರೆಂಟೇನ್ರಿ?"

ಈ ಪ್ರಶ್ನೆಗೆ ಒಂದು ಕಾಲದಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಉತ್ತರ ಹೇಳುತ್ತಿದ್ದೆ. 2001ರ ನಂತರ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.

1995ರಲ್ಲಿ ಎಕ್ಸ್‌ರೇ ಡಿಪ್ಲೊಮಾ ಮುಗಿಸಿದ ಇಪ್ಪತ್ತೆರಡರ ಹುಡುಗ ನಾನು. ಅಮ್ಮನೂ ನಾನೂ ಇಟ್ಟಮಡುವಿನಲ್ಲಿ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದೆವು. ಆಗಿನ ಇಟ್ಟಮಡು ಅರ್ಧ ಹಳ್ಳಿ, ಅರ್ಧ ಬಡಾವಣೆ. ಬನಶಂಕರಿ ಮೂರನೇ ಹಂತದ ಸೈಟುಗಳು ಊರನ್ನು ಸುತ್ತುವರಿದಿದ್ದವು. ಒಳಗಿನ ಓಣಿಗಳಲ್ಲಿ ಇನ್ನೂ ಹಸು ಕಟ್ಟುತ್ತಿದ್ದರು. ಕತ್ತರಿಗುಪ್ಪೆಯಲ್ಲಿ ಬಸ್ಸಿಳಿದು ನಡೆದು ಬರಬೇಕಿತ್ತು. ಬೋರ್‌ವೆಲ್ ನೀರು. ಬಕೆಟ್ಟಿನ ಒಳಗೆ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟುತ್ತಿತ್ತು. "ಬಕೀಟಿಗೇ ಹಿಂಗೆ ಕಟ್ಟಿದ್ರೆ ಕಿಡ್ನಿಗೆ ಕಟ್ಟದೆ ಇರತ್ತಾ?" ಅಂತ ಅಮ್ಮ ವಾದ ಮಾಡುತ್ತಿದ್ದಳು. ಕೇಳಲು ಸರಿಯೆನಿಸುವ ಮಾತು. ಆದರೆ ಗಡಸು ನೀರಿಗಿಂತ ಕಡಿಮೆ ನೀರೇ ಕಲ್ಲಿಗೆ ದೊಡ್ಡ ಕಾರಣ ಎನ್ನುವುದನ್ನು ಆಮೇಲೆ ಕಲಿತೆ. ಹೆಸರಿನಲ್ಲೇ ಮಡು ಇಟ್ಟುಕೊಂಡ ಊರಿನಲ್ಲಿದ್ದುಕೊಂಡು ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಕೆಲಸ ಸಿಕ್ಕಿದ್ದು ದಕ್ಷಿಣ ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಹೆಸರು ಬೇಡ. ಹಿಂಭಾಗದ ಕೋಣೆಯ ಬಾಗಿಲ ಮೇಲೆ ಲಿಥೋಟ್ರಿಪ್ಸಿ ಯೂನಿಟ್ ಎಂದು ಹಿತ್ತಾಳೆಯ ಬೋರ್ಡಿತ್ತು. ಆ ಹೆಸರನ್ನು ಉಚ್ಚರಿಸುವ ಸಾಹಸ ಯಾರೂ ಮಾಡುತ್ತಿರಲಿಲ್ಲ. ಆಯಾಗಳಿಗೆ ಅದು ಕಲ್ಲು ಒಡೆಯೋ ರೂಮು. ಗೇಟಿನ ವಾಚ್‌ಮನ್ ಬಂದವರನ್ನು ಮುಖದಲ್ಲೇ ಗುರುತಿಸಿ, "ಕಲ್ಲಿನವರಾ? ಹಿಂದ್ಗಡೆ ಹೋಗಿ" ಅನ್ನುತ್ತಿದ್ದ.

ಒಳಗೆ ಬಂದವರು ಮೊದಲು ಕೇಳುತ್ತಿದ್ದದ್ದೇ ಕರೆಂಟಿನ ವಿಷಯ. ನನಗಿಂತ ಹಿರಿಯ ಟೆಕ್ನೀಷಿಯನ್ ಒಬ್ಬರಿದ್ದರು, ಮಂಡ್ಯದ ಕಡೆಯವರು. ಅವರ ಉತ್ತರ ಸಿದ್ಧವಿತ್ತು: "ಕರೆಂಟು ನೀರಿಗೆ, ಏಟು ಕಲ್ಲಿಗೆ, ನಿಮಗೇನೂ ಇಲ್ಲ, ಮಲಗಿ." ಹೆಚ್ಚುಕಡಿಮೆ ಸರಿಯಾದ ವಿವರಣೆಯೇ. ಮೇಜಿನ ಕೆಳಗೆ ಲೋಹದ ಬಟ್ಟಲು, ಅದರ ತುಂಬ ನೀರು, ಬಾಯಿಗೆ ರಬ್ಬರಿನ ಹೊದಿಕೆ. ನೀರೊಳಗೆ ಎರಡು ಲೋಹದ ಮೊನೆಗಳು ಎದುರುಬದುರು, ನಡುವೆ ಕೂದಲೆಳೆ ಜಾಗ. ಸಾವಿರಾರು ವೋಲ್ಟ್ ಹರಿಸಿದರೆ ಅಲ್ಲಿ ಕಿಡಿ ಹಾರಿ, ಸುತ್ತಲಿನ ನೀರು ಕ್ಷಣದಲ್ಲಿ ಆವಿಯಾಗಿ, ಆ ಸ್ಫೋಟದ ಅಲೆ ಎಲ್ಲ ಕಡೆಗೂ ಹೊರಡುತ್ತದೆ. ಬಟ್ಟಲಿನ ಆಕಾರ ಅರ್ಧ ಮೊಟ್ಟೆಯಂಥದು. ಅದರ ಗೋಡೆಗೆ ಬಡಿದ ಅಲೆಗಳೆಲ್ಲ ತಿರುಗಿ ಬಂದು ಮೇಲೆ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುತ್ತವೆ. ಎಕ್ಸ್‌ರೇ ನೋಡಿಕೊಂಡು ರೋಗಿಯ ಮೇಜನ್ನು ಹಿಂದೆ ಮುಂದೆ ಸರಿಸಿ, ಕಲ್ಲನ್ನು ಆ ಬಿಂದುವಿಗೆ ತಂದು ನಿಲ್ಲಿಸುವುದೇ ನಮ್ಮ ಕಸುಬು. ಮೈಯೆಲ್ಲ ಹೆಚ್ಚಿನಂಶ ನೀರೇ ಆದ್ದರಿಂದ ಅಲೆ ಮಾಂಸವನ್ನು ದಾಟಿ ಹೋಗುತ್ತದೆ. ಕಲ್ಲು ಎದುರಾದಾಗ ಬಡಿಯುತ್ತದೆ. ಗಾಳಿ ಮಾತ್ರ ಅದಕ್ಕೆ ಗೋಡೆ. ಹಾಗಾಗಿ ಬೆನ್ನಿಗೂ ರಬ್ಬರಿಗೂ ನಡುವೆ ಜೆಲ್ ಬಳಿಯುತ್ತಿದ್ದೆವು.

ನಾನು ಜಾಣತನ ತೋರಿಸಲು ರೋಗಿಗಳಿಗೆ ಗೋಳಗುಮ್ಮಟದ ಉದಾಹರಣೆ ಕೊಡುತ್ತಿದ್ದೆ. ಅಲ್ಲಿ ಪಿಸುಗುಟ್ಟಿದ್ದು ಎದುರು ಗೋಡೆಯ ಹತ್ತಿರ ಕೇಳಿಸುವುದಿಲ್ಲವೇ, ಇದೂ ಹಾಗೇ, ಅಂತ. ಒಂದು ದಿನ ದೊಡ್ಡ ಡಾಕ್ಟರು ಅದನ್ನು ಕೇಳಿಸಿಕೊಂಡು ಒಳಗೆ ಕರೆದರು. "ಗುಮ್ಮಟ ದುಂಡಗಿದೆ ಕಣಯ್ಯ, ಅಲ್ಲಿ ಸದ್ದು ಗೋಡೆ ಹಿಡ್ಕೊಂಡು ಹರಿದು ಹೋಗತ್ತೆ. ಇದು ಮೊಟ್ಟೆ. ಬೇರೆ ಲೆಕ್ಕ" ಅಂದರು. ಬೈದು ಮುಗಿಸಿದ ಮೇಲೆ ಅವರೇ ಕಥೆ ಹೇಳಿದರು. ಈ ಯಂತ್ರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲವಂತೆ. ಜರ್ಮನಿಯ ಡಾರ್ನಿಯರ್ ವಿಮಾನ ತಯಾರಿಸುವ ಕಂಪನಿ. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೂ ಲೋಹಕ್ಕೆ ಪೆಟ್ಟಾಗುತ್ತದೆ. ಅದನ್ನು ಅಭ್ಯಾಸ ಮಾಡುತ್ತಿದ್ದವರಿಗೆ ಆಘಾತ ತರಂಗವನ್ನು ಕಲ್ಲಿನ ಮೇಲೆ ಬಿಡಬಹುದಲ್ಲ ಎಂದು ಹೊಳೆಯಿತು. 1980ರಲ್ಲಿ ಮ್ಯೂನಿಕ್ಕಿನಲ್ಲಿ ಕ್ರಿಶ್ಚಿಯನ್ ಷೌಸಿ ಎಂಬ ವೈದ್ಯರು ಮೊದಲ ಸಲ ಮನುಷ್ಯನ ಮೂತ್ರಪಿಂಡದ ಕಲ್ಲನ್ನು ಹೀಗೆ ಒಡೆದರು. ಮೊದಮೊದಲ ಯಂತ್ರಗಳಲ್ಲಿ ರೋಗಿಯನ್ನು ಉಕ್ಕಿನ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ಕೂರಿಸುತ್ತಿದ್ದರು. ಅದಕ್ಕೂ ಮುಂಚೆ ಕಲ್ಲೆಂದರೆ ಪಕ್ಕೆ ಸೀಳುವುದೇ.

ಆ ರೂಮಿನ ಸದ್ದು ಈಗಲೂ ಕಿವಿಯಲ್ಲಿದೆ. ದೀಪಾವಳಿಯಲ್ಲಿ ಡಬ್ಬದೊಳಗೆ ಪಟಾಕಿ ಹಚ್ಚಿದಂಥ ಸದ್ದು, ಎರಡು ಮೂರು ಸಾವಿರ ಸಲ. ರೋಗಿಯ ಕಿವಿಗೆ ಹತ್ತಿ ಕೊಡುತ್ತಿದ್ದೆವು, ನಾವು ಇಟ್ಟುಕೊಳ್ಳುತ್ತಿರಲಿಲ್ಲ. ಎದೆಗೆ ಇ.ಸಿ.ಜಿ. ತಂತಿ ಹಚ್ಚಿರುತ್ತಿತ್ತು. ಶಾಕ್ ತಪ್ಪು ಗಳಿಗೆಯಲ್ಲಿ ಬಿದ್ದು ಎದೆಬಡಿತದ ತಾಳ ಕೆಡಬಾರದೆಂದು ಯಂತ್ರ ಒಂದೊಂದು ಬಡಿತಕ್ಕೆ ಒಂದೊಂದು ಏಟು ಹೊಡೆಯುತ್ತಿತ್ತು. ಹೆದರಿದವರ ಎದೆ ಜೋರಾದಂತೆ ಏಟೂ ಜೋರಾಗುತ್ತಿತ್ತು. ಆ ಸದ್ದಿಗೆ ಇನ್ನಷ್ಟು ಹೆದರುತ್ತಿದ್ದರು. ಆಗ ಮಂಡ್ಯದವರು ಯಂತ್ರ ನಿಲ್ಲಿಸಿ, "ನಿಮ್ಮೂರು ಯಾವ್ದು? ಈ ಸಲ ಮಳೆ ಹೆಂಗೆ?" ಅಂತ ಮಾತಿಗೆಳೆಯುತ್ತಿದ್ದರು. ಐದು ನಿಮಿಷ ಮಳೆ ಬೆಳೆ ಮಾತಾಡಿದರೆ ಎದೆಬಡಿತ ಎಪ್ಪತ್ತಕ್ಕೆ ಇಳಿಯುತ್ತಿತ್ತು. ಅವರಿಂದ ನಾನು ಕಲಿತ ವಿದ್ಯೆಗಳಲ್ಲಿ ಅದೇ ಮೇಲು.

ಮನೆಗೆ ಹೋಗುವಾಗ ಎಲ್ಲರಿಗೂ ಒಂದು ಟೀ ಸೋಸುವ ಜಾಲರಿ ಕೊಡುತ್ತಿದ್ದೆವು, ಮೂತ್ರ ಸೋಸಿ ಕಲ್ಲಿನ ಚೂರು ಹಿಡಿದು ತರಲು. ಜನ ಅದನ್ನು ಬೆಂಕಿಪೊಟ್ಟಣದಲ್ಲಿ, ನಶ್ಯದ ಡಬ್ಬಿಯಲ್ಲಿ, ಕ್ಯಾಮೆರಾ ರೋಲಿನ ಕಪ್ಪು ಡಬ್ಬಿಯಲ್ಲಿ ತರುತ್ತಿದ್ದರು. ಮಗುವಿನ ಮೊದಲ ಹಲ್ಲು ತೋರಿಸುವವರ ಹಾಗೆ ಮುಚ್ಚಳ ತೆಗೆದು ತೋರಿಸುತ್ತಿದ್ದರು. ಇಷ್ಟು ದಿನ ಪ್ರಾಣ ತಿಂದದ್ದು ರವೆಯಷ್ಟು ಸಣ್ಣದು ಎಂದು ನಂಬಲು ಅವರಿಗೆ ಆಗುತ್ತಿರಲಿಲ್ಲ.

ಇಷ್ಟನ್ನು ಹೇಳಿ ಮುಗಿಸಿಬಿಟ್ಟರೆ ಸೊಗಸಾದ ನೆನಪು. ಆದರೆ ಹುಡುಗನ ಚಿಕಿತ್ಸೆಯ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬೇರೆಯದೇ ನೆನಪಾಗುತ್ತಿತ್ತು. ಈಗಿನ ಯಂತ್ರಕ್ಕೆ ಕಿಡಿಯಿಲ್ಲ, ವಿದ್ಯುತ್ಕಾಂತದ್ದು. ಬಾಗಿಲಾಚೆಯಿಂದ ಮೇಷ್ಟ್ರು ಬೆರಳಿನಿಂದ ಮೇಜು ಕುಟ್ಟಿದಂತೆ ಸಣ್ಣಗೆ ಟಕ್, ಟಕ್ ಕೇಳುತ್ತಿತ್ತು. ವಾಚು ನೋಡಿ ಎಣಿಸಿದೆ. ನಿಮಿಷಕ್ಕೆ 60.

ನಾವು 120 ಹೊಡೆಯುತ್ತಿದ್ದೆವು.

ಮೊದಲೆರಡು ವರ್ಷ ಹಾಗಿರಲಿಲ್ಲ. ಆಮೇಲೆ ಯಂತ್ರದ ಸಾಲದ ಕಂತು ಏರುತ್ತಾ ಹೋಯಿತು. ದಿನಕ್ಕೆ ಇಷ್ಟು ಸಿಟ್ಟಿಂಗ್ ಆಗಲೇಬೇಕು ಎಂಬ ಲೆಕ್ಕ ಬಂತು. ಎದೆಬಡಿತಕ್ಕೆ ಕಾದರೆ ತಡವಾಗುತ್ತದೆಂದು ಇ.ಸಿ.ಜಿ. ಜೋಡಣೆಯನ್ನು ತಪ್ಪಿಸಿ, ನಿಮಿಷಕ್ಕೆ 120ರಂತೆ ಹೊಡೆದು ಮೇಜು ಖಾಲಿ ಮಾಡಿಸುತ್ತಿದ್ದೆವು. ಹಾಗೆ ಮಾಡುವುದು ಆಗ ಬೇರೆ ಕಡೆಯೂ ಇತ್ತು, ನಿಜ. ನಿಧಾನವಾಗಿ ಹೊಡೆದರೆ ಕಲ್ಲು ಚೆನ್ನಾಗಿ ಒಡೆಯುತ್ತದೆ ಎಂದು 2000ದ ನಂತರದ ಅಧ್ಯಯನಗಳು ತೋರಿಸಿದವು. ಪ್ರತಿ ಏಟಿಗೂ ಕಲ್ಲಿನ ಸುತ್ತ ಸಣ್ಣ ಗುಳ್ಳೆಗಳೇಳುತ್ತವೆ. ಅವು ಕರಗಲು ಬಿಡದೆ ಇನ್ನೊಂದು ಏಟು ಹಾಕಿದರೆ ಒಂದಿಷ್ಟು ಬಲ ಗುಳ್ಳೆಗಳ ಪಾಲು. ಅದು ನಮಗೆ ಗೊತ್ತಿರಲಿಲ್ಲ. ಎಲೆಕ್ಟ್ರೋಡ್ ಮೊನೆ ಸವೆದರೆ ಏಟು ಹದ ತಪ್ಪುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಸದ್ದು ಕೇಳಿದರೇ ಸಾಕಿತ್ತು. ಆದರೂ ಒಂದರಲ್ಲೇ ಇನ್ನೊಬ್ಬರು, ಮತ್ತೊಬ್ಬರು ಅಂತ ಎಳೆಯುತ್ತಿದ್ದೆವು. ಸಿಟ್ಟಿಂಗ್ ಒಂದಕ್ಕೆ ನನಗೆ 40 ರೂಪಾಯಿ ಸಿಗುತ್ತಿತ್ತು. ಆ ದುಡ್ಡಿನಲ್ಲೇ ಅಮ್ಮನಿಗೆ ಮಿಕ್ಸಿ ಕೊಡಿಸಿದ್ದು.

ಎಲ್ಲಕ್ಕಿಂತ ಕೆಟ್ಟದ್ದು, ಒಡೆಯಬೇಕಿಲ್ಲದ ಕಲ್ಲುಗಳನ್ನು ಒಡೆದದ್ದು. ಮೂತ್ರನಾಳಕ್ಕಿಳಿದ 5 ಮಿಲಿಮೀಟರ್ ಒಳಗಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆ. ನೋವಿಗೆ ಔಷಧಿ ಕೊಟ್ಟು, ಜ್ವರ ಬರದಂತೆ ನೋಡಿಕೊಂಡು ಕಾಯಬೇಕು ಅಷ್ಟೆ. ಕಾಯಲು ಹೇಳಿದರೆ ಬಿಲ್ ಆಗುವುದಿಲ್ಲ.

ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಕನಕಪುರದ ಕಡೆಯವಳು, ನನ್ನದೇ ವಯಸ್ಸು. ಬಲಗಡೆ ಮೂತ್ರನಾಳದ ಕೊನೆಯಲ್ಲಿ, ಇನ್ನೇನು ಚೀಲಕ್ಕೆ ಬೀಳಬೇಕು ಅನ್ನುವಲ್ಲಿ, 5 ಮಿಲಿಮೀಟರಿನದು. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಅಷ್ಟು ಕೆಳಗೆ ಶಾಕ್ ಕೊಡಲು ಆಗಲೇ ಎಷ್ಟೋ ಡಾಕ್ಟರು ಹಿಂಜರಿಯುತ್ತಿದ್ದರು. ನಮ್ಮಲ್ಲಿ ಕೊಟ್ಟರು. ನಾನೇ ಮೇಜು ಸರಿಸಿದೆ. ಅವಳ ಸಂಬಳ ತಿಂಗಳಿಗೆ 1,400, ಬಿಲ್ 8,000. ಮಲಗಿದ್ದವಳು ಏನೋ ಹೇಳುತ್ತಲೇ ಇದ್ದಳು, ಪಟಾಕಿ ಸದ್ದಿನಲ್ಲಿ ಅರ್ಧ ಕೇಳಿಸಿತು. "ನೀರು ಕುಡೀಬೇಕು ಅಂತೀರಲ್ಲಣ್ಣ, ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ಎರಡು ಸಲ ಎದ್ರೆ ಸೂಪರ್‌ವೈಸರ್ ಬೈತಾನೆ. ಬೆಳಿಗ್ಗೆ ಮನೇಲಿ ಒಂದು ಲೋಟ, ಮತ್ತೆ ಸಾಯಂಕಾಲಾನೇ."

ಕೇಸ್ ಶೀಟಿನಲ್ಲಿ ವಯಸ್ಸು, ತೂಕ, ಕಲ್ಲಿನ ಅಳತೆ, ಏಟುಗಳ ಸಂಖ್ಯೆ ಬರೆಯಲು ಜಾಗವಿತ್ತು. ಅವಳು ಹೇಳಿದ್ದನ್ನು ಬರೆಯಲು ಇರಲಿಲ್ಲ. ನಾನೂ ಬರೆಯಲಿಲ್ಲ.

ವಾರದ ನಂತರ ಕಲ್ಲು ತಂದಳು. ಬಂಗಾರದ ಅಂಗಡಿಯವರು ಒಡವೆ ಸುತ್ತಿಕೊಡುವ ಗುಲಾಬಿ ಕಾಗದದಲ್ಲಿ ಮಡಚಿಟ್ಟಿದ್ದಳು. ಕಿವಿಯಲ್ಲಿ ಓಲೆಯ ಬದಲು ಪೊರಕೆ ಕಡ್ಡಿ ಇತ್ತು. ಕಾಗದ ಬಿಚ್ಚಿದರೆ ಕಲ್ಲು ಇಡಿಯಾಗಿಯೇ ಇತ್ತು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ನಮ್ಮ ಏಟು ತಗಲಿಯೇ ಇರಲಿಲ್ಲ, ಅದರ ಪಾಡಿಗೆ ಅದು ಬಿದ್ದಿತ್ತು. ಅವಳು ಕೈಮುಗಿದು ಹೋದಳು. ನಾನು ಏನೂ ಹೇಳಲಿಲ್ಲ.

ಇನ್ನೊಬ್ಬರು ಬಿ.ಟಿ.ಎಸ್. ಬಸ್ಸಿನ ಡ್ರೈವರ್. ಅವರದು ದೊಡ್ಡ ಕಲ್ಲು, 2 ಸೆಂಟಿಮೀಟರ್ ದಾಟಿತ್ತು. ಚೆನ್ನಾಗಿಯೇ ಒಡೆಯಿತು. ಆದರೆ ಒಡೆದ ಚೂರುಗಳೆಲ್ಲ ಒಟ್ಟಿಗೆ ಮೂತ್ರನಾಳಕ್ಕಿಳಿದು ಸಾಲಾಗಿ ನಿಂತುಬಿಟ್ಟವು. ಜರ್ಮನರು ಇದನ್ನು ಸ್ಟೈನ್‌ಸ್ಟ್ರಾಸೆ, ಅಂದರೆ ಕಲ್ಲಿನ ಬೀದಿ ಅನ್ನುತ್ತಾರೆ. ನಾಲ್ಕನೇ ದಿನ ಜ್ವರದಲ್ಲಿ ಗಡಗಡ ನಡುಗುತ್ತಾ ಬಂದರು. ಮೂತ್ರ ಕಟ್ಟಿಕೊಂಡ ಕಿಡ್ನಿಗೆ ಸೋಂಕೂ ಸೇರಿದರೆ ಜೀವಕ್ಕೇ ಸಂಚಕಾರ. ರಾತ್ರೋರಾತ್ರಿ ಸ್ಟೆಂಟ್ ಹಾಕಿ ಉಳಿಸಿದರು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಅದನ್ನು ರೋಗಿಗಳಿಗೆ ಕೊಡುತ್ತಿದ್ದ ಚೀಟಿಯಲ್ಲಿ ನಾವು ಬರೆದೇ ಇರಲಿಲ್ಲ. ಗುಣವಾದ ಮೇಲೆ ಆ ಮನುಷ್ಯ ನಗುತ್ತಾ, "ಮುಂದ್ಗಡೆ ಒಂದು ಲಾರಿ ಕೆಟ್ಟು ನಿಂತ್ರೆ ಹಿಂದಿನವೆಲ್ಲಾ ನಿಲ್ತವೆ ಬಿಡಿ ಸಾರ್" ಅಂದರು. ನಮ್ಮನ್ನು ಅಷ್ಟು ಸುಲಭವಾಗಿ ಕ್ಷಮಿಸಿದ್ದು ಆಗ ಸಮಾಧಾನ ತಂದಿತ್ತು. ಈಗ ಇಲ್ಲ.

ಚೀಟಿಯಲ್ಲಿ ಬರೆದದ್ದೇನು? ಹಾಲು ಬೇಡ, ಮೊಸರು ಬೇಡ, ಟೊಮೆಟೊ ಬೀಜ ಬೇಡ. ಕಲ್ಲಿನಲ್ಲಿ ಇರುವುದು ಕ್ಯಾಲ್ಸಿಯಂ, ಹಾಲಿನಲ್ಲೂ ಕ್ಯಾಲ್ಸಿಯಂ, ಆದ್ದರಿಂದ ಹಾಲು ಬಿಡಿ! ಅಮ್ಮನ ಬಕೆಟ್ಟಿನ ತರ್ಕವೇ ಇದು, ಲೆಟರ್‌ಹೆಡ್ಡಿನ ಮೇಲೆ ಅಚ್ಚಾಗಿತ್ತು ಅನ್ನುವುದೊಂದೇ ವ್ಯತ್ಯಾಸ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿರುವವರಿಗೇ ಕಲ್ಲು ಕಡಿಮೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು 1993ರಲ್ಲೇ ಹೇಳಿತ್ತು. ಸೊಪ್ಪು ಬೀಜಗಳ ಆಕ್ಸಲೇಟನ್ನು ಹಾಲು ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಬಿಡಿಸಬೇಕಿದ್ದದ್ದು ಉಪ್ಪನ್ನು. ನಾವು 2001ರವರೆಗೂ ಜನರ ಮೊಸರನ್ನ ಬಿಡಿಸಿದೆವು, ಉಪ್ಪಿನಕಾಯಿಯ ತಂಟೆಗೆ ಹೋಗಲಿಲ್ಲ. ಇನ್ನು ಬಾಳೆದಿಂಡಿನ ರಸ, ಹುರುಳಿಕಟ್ಟಿನ ಸಾರು ಕುಡಿದವರನ್ನು ಮಂಡ್ಯದವರೂ ನಾನೂ ಗೇಲಿ ಮಾಡುತ್ತಿದ್ದೆವು. ಅವು ಕಲ್ಲನ್ನು ಕರಗಿಸುತ್ತವೆಂದು ಈಗಲೂ ನಾನು ನಂಬುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಒಂದು ಚೊಂಬು ದಿಂಡಿನ ರಸ, ಮಧ್ಯಾಹ್ನ ಬಾರ್ಲಿ ಗಂಜಿ, ಸಂಜೆ ಎಳನೀರು ಕುಡಿದವರ ಹೊಟ್ಟೆಗೆ ನಮ್ಮ ಚೀಟಿಯವರಿಗಿಂತ ಹೆಚ್ಚು ನೀರು ಹೋಗುತ್ತಿತ್ತು. ಬಿಯರ್ ಕುಡಿದರೆ ಹೋಗುತ್ತದೆ ಎನ್ನುವವರೂ ಇದ್ದರು. ಅವರು ಕಲ್ಲಿಲ್ಲದಾಗಲೂ ಕುಡಿಯುತ್ತಿದ್ದವರು.

2001ರಲ್ಲಿ ಕೆಲಸ ಬಿಟ್ಟೆ. ಅಂತಃಸಾಕ್ಷಿ ಚುಚ್ಚಿ ಬಿಟ್ಟೆ ಎಂದು ಬರೆದುಕೊಳ್ಳಬಹುದಿತ್ತು. ಬಿಟ್ಟದ್ದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೆಚ್ಚು ಸಂಬಳ ಸಿಕ್ಕಿದ್ದಕ್ಕೆ. ಮಂಡ್ಯದವರು ತೀರಿಕೊಂಡು ಬಹಳ ವರ್ಷವಾಯಿತು. ನರ್ಸಿಂಗ್ ಹೋಮ್ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ನನ್ನ ಎಡಗಿವಿ ಸ್ವಲ್ಪ ಮಂದ. ಈಗ ನಾನು ಸಿ.ಟಿ. ಮಾಡುತ್ತೇನೆ. ಆಗಿನ ಎಕ್ಸ್‌ರೇಯಲ್ಲಿ ಕಾಣದೆ ತಪ್ಪಿಸಿಕೊಳ್ಳುತ್ತಿದ್ದ ಯೂರಿಕ್ ಆಮ್ಲದ ಕಲ್ಲೂ ಇದರಲ್ಲಿ ಕಾಣುತ್ತದೆ. ಕಲ್ಲು ಎಷ್ಟು ಗಟ್ಟಿ ಎಂಬುದಕ್ಕೂ ಒಂದು ಅಂಕಿ ಸಿಗುತ್ತದೆ. ಸಾವಿರ ದಾಟಿದರೆ ಶಾಕ್‌ವೇವಿಗೆ ಜಗ್ಗುವುದು ಕಷ್ಟ, ಲೇಸರೇ ಮೇಲು. ಹುಡುಗನದು ಸಾವಿರದೊಳಗಿತ್ತು. ಅದಕ್ಕೇ ನಾನೂ ಅವನ ಆಯ್ಕೆಗೆ ಹೂಂ ಅಂದದ್ದು. ದುಡ್ಡು ಹೊಂದದಿದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ರೂಮಿನ ಮಿಕ್ಕ ಮೂವರು ಚೀಟಿ ಹಣ ಎತ್ತಿ ಕೊಟ್ಟರು.

ಏಟುಗಳು ಮುಗಿಯಲು ಐವತ್ತು ನಿಮಿಷ ಹಿಡಿಯಿತು. ಹೊರಗೆ ಬಂದ ಹುಡುಗ ಪಕ್ಕೆ ಸವರಿಕೊಳ್ಳುತ್ತಾ, "ರಬ್ಬರ್ ಬ್ಯಾಂಡ್ ಹೊಡದಂಗ ಆತ್ರಿ, ಅಷ್ಟ" ಅಂದ. ಎರಡು ದಿನ ಮೂತ್ರ ಕೆಂಪಗಿತ್ತು. ನಮ್ಮ ಮನೆಯ ಟೀ ಜಾಲರಿಯನ್ನೇ ಕೊಟ್ಟಿದ್ದೆ. ವಾರದೊಳಗೆ ಕಂದು ಬಣ್ಣದ ಮರಳು ಬಿತ್ತು. ಮೂರನೇ ವಾರದ ಎಕ್ಸ್‌ರೇಯಲ್ಲಿ ಏನೂ ಉಳಿದಿರಲಿಲ್ಲ.

ನಾನು ಅವನಿಗೆ ಎರಡು ಲೀಟರಿನ ಬಾಟಲಿ ತಂದುಕೊಟ್ಟು, ದಿನಕ್ಕೆ ಎರಡು ಸಲ ತುಂಬಿಸಿ ಖಾಲಿ ಮಾಡಬೇಕು, ಮೂತ್ರ ನೀರಿನ ಬಣ್ಣಕ್ಕೆ ಹತ್ತಿರ ಇರಬೇಕು ಅಂದೆ. ಬಾಟಲಿಯನ್ನು ತಿರುಗಿಸಿ ನೋಡುತ್ತಾ ನಿಂತ. "ಕುಡೀತೀನ್ರಿ ಅಂಕಲ್. ಕುಡಿದು ಎಲ್ಲಿ ಹೋಗ್ಲಿ? ಮಧ್ಯಾಹ್ನ ಹನ್ನೆರಡಕ್ಕ ಇಳಿದ್ರ ರಾತ್ರಿ ಹನ್ನೆರಡಕ್ಕ ಬರ್ತೀನಿ. ಹೋಟೆಲ್‌ನ್ಯಾಗ ಕೇಳಿದ್ರ ಕಸ್ಟಮರಿಗೆ ಅಷ್ಟ ಅಂತಾರ."

ಈ ಸಲ ಕೇಳಿಸಿತು. ಮರುದಿನ ಅವನ ಜೊತೆ ಹೋಗಿ ನಮ್ಮ ಮುಖ್ಯರಸ್ತೆಯ ಎರಡು ಹೋಟೆಲಿನವರ ಹತ್ತಿರ ಮಾತಾಡಿದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ನೋಡೋಣ ಅಂದರು. ಇಟ್ಟಮಡು, ಕತ್ತರಿಗುಪ್ಪೆ, ಹೊಸಕೆರೆಹಳ್ಳಿಯಲ್ಲಿ ಹೋಟೆಲು ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ: ಪಾರ್ಸಲ್ ತೆಗೆದುಕೊಳ್ಳಲು ಬಂದ ಹುಡುಗ ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದರೆ ತೋರಿಸಿ.